ಬಟ್ಟೆಗುಡ್ಡದ ಜೀರ್ಣೋದ್ಧಾರ

ಮಗಳಿಗೆ ಆರ್ಕಿಟೆಕ್ಚರ್ ಸೀಟು ಕೊಡಿಸಿಯೇ ತೀರುತ್ತೇನೆಂದು ನಾನು ಪಣ ತೊಟ್ಟೆ. ಚಿತ್ರ ಬರೆಯುವವಳು ಅವಳು, ಪಣ ತೊಟ್ಟವಳು ನಾನು! ನನಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬಾರದಿದ್ದರೇನು? ಆಫೀಸಿನ ರೆಕಾರ್ಡ್ ರೂಮಿನಲ್ಲಿ ನಾನು ಜೋಡಿಸಿಟ್ಟ ಫೈಲುಗಳ ಮುಂದೆ ಯಾವ ಕಟ್ಟಡವಾದರೂ ತಲೆ ತಗ್ಗಿಸಬೇಕು.

ಕಾಲೇಜಿನವರು ಪೋರ್ಟ್‌ಫೋಲಿಯೋ ಕೇಳಿದ್ದರು. ಅಂದರೆ, ಮಾರ್ಕ್ಸ್ ಕಾರ್ಡು ಸಾಲದು, ನೀನು ಬರೆದ ಚಿತ್ರಗಳನ್ನು ಕಳಿಸು, ನಿನ್ನ ಕಣ್ಣು ಎಂಥದೆಂದು ನೋಡುತ್ತೇವೆ ಎಂದು. ಸೋಮವಾರ ಕೊನೆಯ ದಿನ. ಭಾನುವಾರ ಬೆಳಿಗ್ಗೆ ಮಗಳು ಪೆನ್ಸಿಲ್ ತರಲು ಅಂಗಡಿಗೆ ಹೋದದ್ದೇ ತಡ, ನಾನು ಪೊರಕೆ ಹಿಡಿದು ಅವಳ ಕೋಣೆಗೆ ನುಗ್ಗಿದೆ.

ಅಬ್ಬಾ! ಕಿಟಕಿ ಪಕ್ಕದ ಕುರ್ಚಿಯ ಮೇಲೆ ಬಟ್ಟೆಯ ಗುಡ್ಡ! ಒಣಗಿದ ಬಟ್ಟೆ ತಂದು ಮಡಿಸುವುದು ಅವಳ ಪಾಲಿನ ಕೆಲಸ. ತರುತ್ತಾಳೆ, ಮಡಿಸುವುದಿಲ್ಲ. ಈ ಒಂದು ವಿಷಯಕ್ಕೆ ನಾವು ಆಡಿದ ಜಗಳ ಅಷ್ಟಿಷ್ಟಲ್ಲ. ಆಫೀಸಿನಲ್ಲಿ ಆಡಿಟ್ ಎಂದು ನಾನು ಒಂದು ವಾರ ಆ ಕಡೆ ತಲೆ ಹಾಕಿರಲಿಲ್ಲ, ನೋಡಿ! ಸಾಲದ್ದಕ್ಕೆ ಗುಡ್ಡದ ನೆತ್ತಿಯ ಮೇಲೊಂದು ಚೀಟಿ: ‘ಮುಟ್ಟಬೇಡಿ.’

"ಎಷ್ಟು ಸೊಕ್ಕು! ಮಡಿಸೋದಿಲ್ಲ, ಮೇಲೆ ಬೋರ್ಡು ಬೇರೆ!" ಎಂದು ಚೀಟಿಯನ್ನು ಕಸದ ಬುಟ್ಟಿಗೆ ಹಾಕಿ, ಎಲ್ಲವನ್ನೂ ಮಡಿಸಿ, ಇಸ್ತ್ರಿ ಮಾಡಿ ಬೀರುವಿಗೆ ಸೇರಿಸಿದೆ. ನಮ್ಮವರ ನೀಲಿ ಶರ್ಟು ಬೀರುವಿಗೆ ಸೇರುವ ಮೊದಲೇ ಅವರ ಮೈ ಸೇರಿ ಕ್ಷೌರದಂಗಡಿಗೆ ಹೊರಟಿತು.

ಮಗಳು ಬಂದಳು. ಬಾಗಿಲಲ್ಲೇ ನಿಂತಳು.

"ಅಮ್ಮಾ, ಬಟ್ಟೆ ಎಲ್ಲಿ?"

"ಬೀರುವಿನಲ್ಲಿ. ಇನ್ನೆಲ್ಲಿರುತ್ತೆ? ಥ್ಯಾಂಕ್ಸ್ ಹೇಳು!"

ಅವಳು ಹೇಳಲಿಲ್ಲ. ಮಂಚದ ಕೆಳಗಿನಿಂದ ಒಂದು ದೊಡ್ಡ ಹಾಳೆ ಎಳೆದು ತೋರಿಸಿದಳು. ಅದೇ ಕುರ್ಚಿ, ಅದೇ ಗುಡ್ಡ! ಮೇಲರ್ಧದಲ್ಲಿ ಒಂದೊಂದು ಸುಕ್ಕಿಗೂ ನೆರಳು ತುಂಬಿತ್ತು. ಕೆಳಗಿನರ್ಧ ಬರೀ ಗೆರೆ.

"ವಾರದಿಂದ ಬರೀತಿದ್ದೆ. ಎದುರಿಗಿಟ್ಟು, ನೋಡಿಯೇ ಬರೀಬೇಕು ಅಂತ ನಿಯಮ," ಎಂದಳು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಸುಮ್ಮನೆ ಕುರ್ಚಿ ನೋಡುತ್ತ ನಿಂತಳು.

"ಅಳಬೇಡ ಪುಟ್ಟೀ! ಕಟ್ಟೋಣ!" ಎಂದೆ.

ಹೀಗೆ ಜೀರ್ಣೋದ್ಧಾರ ಶುರುವಾಯಿತು. ಚಿತ್ರವೇ ನಕ್ಷೆ, ಮಗಳು ಆರ್ಕಿಟೆಕ್ಟ್, ನಾನು ಮೇಸ್ತ್ರಿ. ಇಷ್ಟು ವರ್ಷ ಸುಕ್ಕು ತೆಗೆದ ಕೈಯಿಂದಲೇ ಸುಕ್ಕು ಹಾಕತೊಡಗಿದೆ. ಟವೆಲ್ಲಿನ ಮೇಲೆ ಕೂತು ಎದ್ದೆ. ನನ್ನ ಸ್ವೆಟರನ್ನು ಮುದ್ದೆ ಮಾಡಿ ಎಸೆದೆ. "ಹಾಗಲ್ಲಮ್ಮ, ಬೇಜವಾಬ್ದಾರಿಯಿಂದ ಎಸೀಬೇಕು!" ಎಂದಳು. ಅದು ನನಗೆ ಬರುವುದಿಲ್ಲವಲ್ಲ!

ಅರ್ಧ ಕ್ಷೌರದಲ್ಲಿದ್ದ ನಮ್ಮವರಿಗೆ ಫೋನು ಹೋಯಿತು. ಓಡಿ ಬಂದವರನ್ನು ಬಾಗಿಲಲ್ಲೇ ತಡೆದೆ. "ಶರ್ಟ್ ಬಿಚ್ಚಿ!"

"ಏನೇ ಇದು, ಪಕ್ಕದ ಮನೆಯವರು ನೋಡ್ತಿದ್ದಾರೆ!"

"ನೋಡಲಿ! ಮಗಳ ಭವಿಷ್ಯ ನಿಮ್ಮ ಮೈಮೇಲಿದೆ!"

ಪಾಪ, ಒಂದು ಕಡೆ ಮಾತ್ರ ಕೂದಲು ಕತ್ತರಿಸಿಕೊಂಡ ಮನುಷ್ಯ, ಬನಿಯನ್ನಿನಲ್ಲಿ ನಿಂತು ತಮ್ಮದೇ ಶರ್ಟನ್ನು ತುಳಿದು ಕೊಟ್ಟರು.

ನೀಲಿ ತೋಳನ್ನು ಇಳಿಬಿಡುತ್ತ ಕೇಳಿದೆ: "ಅಲ್ಲ ಕಣೇ, ಬರೆಯೋದಕ್ಕೆ ಈ ದರಿದ್ರ ಕುರ್ಚಿಯೇ ಬೇಕಿತ್ತಾ? ಹೂದಾನಿ ಇರಲಿಲ್ವಾ?"

"ಮನೆ ಅಂದ್ರೆ ಏನು ಅಂತ ತೋರಿಸೋ ಒಂದು ವಸ್ತು ಬರೀರಿ ಅಂದಿದ್ದಾರಮ್ಮ. ನೀನು ಆಫೀಸು, ಅಪ್ಪ ಅಂಗಡಿ, ನಾನು ಕ್ಲಾಸು. ನಾವು ಮೂರೂ ಜನ ಒಟ್ಟಿಗೆ ಇರೋದು ಈ ಕುರ್ಚಿ ಮೇಲೇ ಅಲ್ವಾ?"

ಈ ಚಿತ್ರ ಮುಗಿದರೆ ಅವಳು ಮನೆ ಬಿಟ್ಟು ಹೋಗುತ್ತಾಳೆ ಎಂಬುದು ಆಗಲೇ ನನಗೆ ಹೊಳೆದದ್ದು. ಮುಗಿಯದಿದ್ದರೆ ಸಾಕು ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೂ ತೋಳನ್ನು ಅವಳು ಹೇಳಿದಷ್ಟೇ ಇಳಿಬಿಟ್ಟೆ.

ಸೀಟು ಸಿಕ್ಕಿತು. ದೂರದ ಊರು, ಹಾಸ್ಟೆಲ್ಲು.

ಈಗ ನಮ್ಮ ಮನೆ ನಾನು ಬಯಸಿದಷ್ಟೂ ಅಚ್ಚುಕಟ್ಟು. ಒಣಗಿದ್ದು ಒಣಗಿದ ಹಾಗೇ ಬೀರು ಸೇರುತ್ತದೆ. ಕುರ್ಚಿ ಖಾಲಿ. ಆ ಕೋಣೆಗೆ ಕಸ ಗುಡಿಸಲು ಹೋದರೆ ಅದು ನನ್ನನ್ನೇ ನೋಡುತ್ತದೆ. ಮಗಳಿದ್ದಾಗ ಹಾಳಾದ ಬಟ್ಟೆ ಎಂದು ಬೈದವಳು ನಾನೇ. ಈಗ ಬೈಯಲು ಒಂದು ಕಾಲುಚೀಲವೂ ಇಲ್ಲ.

ಕಳೆದ ವಾರ ತಡೆಯಲಾಗಲಿಲ್ಲ. ಬೀರುವಿನಿಂದ ಎಲ್ಲ ಕಿತ್ತು ಹಾಕಿ ಮತ್ತೆ ಗುಡ್ಡ ಕಟ್ಟಿದೆ. ಅವಳು ಬಿಟ್ಟುಹೋದ ಹಳೆಯ ಜಾಕೆಟ್ಟನ್ನು ಮಧ್ಯದಲ್ಲಿಟ್ಟೆ. ಅದರ ಮುಂದೆಯೇ ಕೂತು ವಿಡಿಯೋ ಕಾಲ್ ಮಾಡಿದೆ.

"ಅಮ್ಮಾ, ನನ್ನ ರೂಮ್ ನೋಡು!" ಎಂದು ಫೋನು ತಿರುಗಿಸಿದಳು. ಎಲ್ಲ ಬಟ್ಟೆಯೂ ಮಡಿಸಿ, ಅಂಚಿಗೆ ಅಂಚು ಸೇರಿಸಿ ಇಟ್ಟಿದ್ದಾಳೆ! "ನಿನ್ನ ಹಾಗೇ ಮಡಿಸ್ತೀನಿ. ನೀನೇ ಇದ್ದ ಹಾಗಾಗುತ್ತೆ."

ಅಷ್ಟರಲ್ಲಿ ನಮ್ಮವರು ನೀಲಿ ಶರ್ಟಿಗೆ ಕೈ ಹಾಕಿದರು.

"ಮುಟ್ಟಬೇಡಿ!" ಎಂದು ಕಿರುಚಿದೆ.

"ನಾಳೆ ಅಂಗಡಿಗೆ ಬನಿಯನ್ನಿನಲ್ಲೇ ಹೋಗಲೇನೇ?" ಎಂದರು ಅವರು.

ಮಗಳು ಫೋನಿನ ಹತ್ತಿರ ಬಂದು ನನ್ನ ಬೆನ್ನ ಹಿಂದೆ ಇಣುಕಿದಳು. ಆಮೇಲೆ ಮೂಗೆಳೆದುಕೊಂಡು ಹೇಳಿದಳು:

"ಅಪ್ಪನ ತೋಳು ಇನ್ನೊಂಚೂರು ಕೆಳಗೆ ಬರಬೇಕಮ್ಮ. ನನ್ನ ಜಾಕೆಟ್ ಮೇಲೆ."