ಡ್ರಮ್ಮಿನಡಿಯ ಬಟ್ಟೆ

ಒಕ್ತಾವನ ಕರ್ಚೀಪು ಯೂಲಾಲಿಯ ಮನೆಗೆ ಒಗೆಯಲು ಹೋಗಿ ಮೂರು ದಿನವಾಗಿತ್ತು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಗಾರೆ ಕೆಲಸದವನಿಗೆ ಕರ್ಚೀಪು ಇದ್ದರೇನು, ಇಲ್ಲದಿದ್ದರೇನು? ಆದರೆ ಆ ಶನಿವಾರ ಒಕ್ತಾವ್ ಬರಿಯ ಗಾರೆಯವನಲ್ಲ. ಪ್ರೊಸ್ಪೇರನ ಬ್ಯಾಂಡಿನಲ್ಲಿ ಸಣ್ಣ ಡ್ರಮ್ಮು ಬಾರಿಸುತ್ತಿದ್ದವನು ಉಗಿಹಡಗಿನಲ್ಲಿ ಕೆಲಸ ಸಿಕ್ಕಿ ನ್ಯೂ ಆರ್ಲಿಯನ್ಸ್ ಬಿಟ್ಟೇ ಹೋಗಿದ್ದ. ಹತ್ತು ವರ್ಷದಿಂದ ಗಾರೆ ಬಕೆಟ್ಟು, ಅಮ್ಮನ ಕುರ್ಚಿ, ಮಲಗಿದ ನಾಯಿಯ ಬೆನ್ನು ಅನ್ನದೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದ ಒಕ್ತಾವನಿಗೆ ಕರೆ ಬಂತು. ಏಡಿ ಮಾರುತ್ತಿದ್ದ ಮುದುಕ ಝೆಫಿರಿನ್ ತೀರಿಕೊಂಡಿದ್ದಾನೆ, ಬಾ. ಇವತ್ತು ಸರಿಯಾಗಿ ಬಾರಿಸಿದರೆ ಮುಂದಿನ ಭಾನುವಾರ, ಊರಿನ ಸಾವುನೋವಿಗೆ ಆಗುವ ಸಂಘದ ವಾರ್ಷಿಕ ಮೆರವಣಿಗೆಗೂ ನೀನೇ. ಆದರೆ ಅದನ್ನು ತೀರ್ಮಾನಿಸುವವರು ಸಂಘದ ಅಧ್ಯಕ್ಷರು, ಹಿಪೊಲೀತ್ ಸಾಹೇಬರು.

ಶವದ ಜೊತೆ ಹೋಗುವಾಗ ಡ್ರಮ್ಮಿನಡಿಯ ತಂತಿಗಳಿಗೆ ಕರ್ಚೀಪು ತುರುಕುವುದು ಪದ್ಧತಿ. ಆಗ ಅದು ಝಲ್ಲೆನ್ನದೆ, ಅತ್ತು ಅತ್ತು ಗಂಟಲು ಕಟ್ಟಿದವರ ಹಾಗೆ ದಬ್ ದಬ್ ಅನ್ನುತ್ತದೆ. ಮಣ್ಣು ಮಾಡಿದ ಮೇಲೆ ಡ್ರಮ್ಮಿನವನು ಆ ಬಟ್ಟೆಯನ್ನು ಎಲ್ಲರೆದುರು ಎಳೆದು ತೆಗೆದು ಝರ್ರೆಂದು ಒಂದು ಸಲ ಬಾರಿಸಿದನೋ, ಸತ್ತವನಿಗೆ ಸ್ವರ್ಗದ ಬಾಗಿಲು ತೆರೆಯಿತೆಂದೇ ಅರ್ಥ. ಆಮೇಲೆ ಊರಿಗೂರೇ ಕುಣಿಯುತ್ತ ಮನೆಗೆ. ಅವನು ಎಳೆಯುವ ತನಕ ಮಾತ್ರ ಯಾರೂ ಕಾಲೆತ್ತುವ ಹಾಗಿಲ್ಲ. ಆ ಒಂದು ಝರ್ರಿಗಾಗಿ ಒಕ್ತಾವ್ ಹತ್ತು ವರ್ಷ ಕಾದಿದ್ದ.

ಬೆಳಿಗ್ಗೆ ಡ್ರಮ್ಮು ಹೆಗಲಿಗೇರಿಸಿ ಯೂಲಾಲಿಯ ಅಂಗಳಕ್ಕೆ ಓಡಿದ. ಗೇಟಿನಲ್ಲಿ ಹಿಪೊಲೀತ್ ಸಾಹೇಬರೇ ಎದುರಾದರು. ಅವರೂ ತಮ್ಮ ಕರ್ಚೀಪಿಗೆಂದು ಬಂದಿದ್ದವರು, ಅದನ್ನು ಎದೆಯ ಜೇಬಿಗೆ ಸಿಕ್ಕಿಸಿಕೊಳ್ಳುತ್ತ, ಹೆಣ ನಿನಗಾಗಿ ಕಾಯುವುದಿಲ್ಲ ಎಂದು ಗದರಿ ಹೊರಟರು. ಯೂಲಾಲಿ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಬಟ್ಟೆಗಳ ಬುಟ್ಟಿ ಬಾಗಿಲಲ್ಲೇ ಇತ್ತು. ಆಚೆ ಬೀದಿಯಲ್ಲಿ ಆಗಲೇ ಬ್ಯಾಂಡಿನ ತುತ್ತೂರಿ, ಪ್ರೊಸ್ಪೇರನ ಕಾರ್ನೆಟ್ಟು, ಕೂಗುತ್ತಿತ್ತು. ಒಕ್ತಾವ್ ಮೇಲಿದ್ದ ಮಡಿಸಿದ ಬಟ್ಟೆಯೊಂದನ್ನು ನೋಡದೆಯೇ ತಂತಿಗೆ ತುರುಕಿ ಓಟ ಕಿತ್ತ.

ಮೆರವಣಿಗೆ ಹೊರಟಿತು. ಮುಂದೆ ಉದ್ದ ಕಪ್ಪು ಟೋಪಿಯ ಹಿಪೊಲೀತ್ ಸಾಹೇಬರು, ಎದೆಗೆ ಅಡ್ಡಪಟ್ಟಿ, ಜೇಬಿನಲ್ಲಿ ಮಲ್ಲಿಗೆಯಂತೆ ಅರಳಿದ ಲೇಸಿನಂಚು. ಆ ಲೇಸು ನೋಡಿಯೇ ಬೀದಿಬದಿಯ ಹೆಂಗಸರು ಅಳುವುದನ್ನು ಮರೆತರು. ಹಿಂದೆ ಪ್ರೊಸ್ಪೇರನ ಕಾರ್ನೆಟ್ಟು ನಿಟ್ಟುಸಿರಿಟ್ಟಿತು. ಒಕ್ತಾವನ ಡ್ರಮ್ಮು ದಬ್ ದಬ್ ಎಂದಿತು. ಒಂದೇ ಒಂದು ಏಟು ತಪ್ಪಲಿಲ್ಲ. ಸಾಹೇಬರು ತಿರುಗಿ ನೋಡಿ ತಲೆದೂಗಿದರು. ಒಕ್ತಾವನಿಗೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯದಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಝೆನೋಬಿ ಅಕ್ಕ ಏದುಸಿರು ಬಿಡುತ್ತ ಬಂದು ಅವನ ಜೊತೆಗೇ ಹೆಜ್ಜೆ ಹಾಕತೊಡಗಿದಳು. ಊರಿನ ಸುದ್ದಿ ಅವಳ ಮನೆಯಲ್ಲಿ ಹಲ್ಲುಜ್ಜಿಕೊಂಡೇ ಮುಂದೆ ಹೋಗುವುದು.

"ಬುಟ್ಟಿಯಿಂದ ಏನೋ ತಗೊಂಡ್ಯಂತೆ?"

"ನನ್ನ ಕರ್ಚೀಪು ಅಕ್ಕ."

"ಬಿಚ್ಚಿ ನೋಡ್ದ್ಯೋ? ಅಧ್ಯಕ್ಷರ ಹೆಂಡ್ತಿ ಒಳಚಡ್ಡಿ ಕಾಣ್ತಿಲ್ಲ. ಪ್ಯಾರಿಸ್ ಲೇಸಿಂದು. ಬುಟ್ಟೀಲಿ ಮೇಲೇ ಮಡಿಸಿಟ್ಟಿದ್ಲಂತೆ. ಯೂಲಾಲಿ ತಲೆ ಚಚ್ಕೊಂಡು ಬೀದಿ ಬೀದಿ ಅಲೀತಾವ್ಳೆ."

ಒಕ್ತಾವನ ಕೈ ಒಂದು ಏಟು ನುಂಗಿತು. ಡ್ರಮ್ಮು ಹೊಟ್ಟೆಯ ಮುಂದೆ, ಬಟ್ಟೆ ಅದರಡಿಯಲ್ಲಿ. ನಡೆಯುತ್ತ ಬಾರಿಸುವವನು ಬಗ್ಗಿ ನೋಡುವುದು ಹೇಗೆ? ಸಮಾಧಿಯ ಬಳಿ ಪಾದ್ರಿ ಪ್ರಾರ್ಥನೆ ಹೇಳುವಾಗ ಮೆಲ್ಲಗೆ ಬೆರಳು ತೂರಿಸಿದ. ಏನೋ ಕಸೂತಿ ತಗುಲಿತು. ಹೆದರಿದವನ ಬೆರಳಿಗೆ ಎಲ್ಲವೂ ಪ್ಯಾರಿಸ್ ಲೇಸೇ.

ಪ್ರಾರ್ಥನೆ ಮುಗಿಯಿತು. ಇನ್ನೂರು ಜನ ಕುಣಿಯಲೆಂದೇ ತಂದ ಕೊಡೆಗಳನ್ನು ಅರ್ಧ ಬಿಚ್ಚಿ, ಒಂದು ಕಾಲು ಎತ್ತಿಕೊಂಡು ಕೊಕ್ಕರೆಗಳಂತೆ ನಿಂತರು. ಒಕ್ತಾವ್ ಕದಲಲಿಲ್ಲ.

"ಎಳಿಯೋ," ಎಂದ ಪ್ರೊಸ್ಪೇರ್, ತುಟಿ ಅಲ್ಲಾಡಿಸದೆ.

"ಆಗಲ್ಲಣ್ಣ. ಝೆಫಿರಿನ್ ತಾತನ್ನ ನೆನೆಸ್ಕೊಂಡ್ರೆ ಕೈಯೇ ಬರ್ತಿಲ್ಲ."

ಬದುಕಿದ್ದಷ್ಟು ದಿನ ಝೆಫಿರಿನ್ ತಾತ ಅವನಿಗೆ ಕೊಟ್ಟಿದ್ದೆಂದರೆ ಏಡಿಚಿಪ್ಪಿನ ಏಟು ಮಾತ್ರ. ಸತ್ತವನ ಹೆಂಡತಿಯೇ ಹತ್ತಿರ ಬಂದಳು. ಕರಿ ಲಂಗದಡಿಯಿಂದ ಹೊಚ್ಚಹೊಸ ಕೆಂಪು ಬೂಟು ಇಣುಕುತ್ತಿತ್ತು. "ನಲವತ್ತು ವರ್ಷ ಬಾಳಿದೋಳು ನಾನು," ಎಂದು ಹಲ್ಲು ಕಡಿದಳು. "ನಂಗಿಲ್ದಿರೋ ಸಂಕಟ ನಿಂಗೇನೋ?"

ಬಟ್ಟೆ ಹೊರಗೆ ಬರಲಿಲ್ಲ. ಹಾಗಾಗಿ ಆ ಊರಿನಲ್ಲಿ ಹಿಂದೆಂದೂ ಆಗದ್ದು ಆಯಿತು. ಶೋಕದ ಹಾಡಿನಲ್ಲೇ ಎಲ್ಲರೂ ವಾಪಸು ಹೊರಟರು. ಜುಲೈ ಬಿಸಿಲಿನಲ್ಲಿ, ನಿಮಿಷಕ್ಕೊಂದು ಹೆಜ್ಜೆ. ಹೆಣವಿಲ್ಲದ ಗಾಡಿ ಕಂಡವರು ಟೋಪಿ ತೆಗೆದು, ಈಗ ಹೋದವರು ಯಾರೆಂದು ವಿಚಾರಿಸಿದರು. ದೊಡ್ಡ ಡ್ರಮ್ಮಿನವನಿಗೆ ಆಕಳಿಕೆ ಬಂತು. ಶೋಕದ ಹಾಡು ನಡೆಯುವಾಗ ಮುಂದಾಳು ಬೆವರು ಒರೆಸಿಕೊಳ್ಳುವ ಹಾಗಿಲ್ಲ. ಹಿಪೊಲೀತ್ ಸಾಹೇಬರ ಮುಖ ಒಲೆಯ ಮೇಲಿಂದಿಳಿಸಿದ ಸಾರಿನ ಮುಚ್ಚಳದಂತೆ ತೊಟ್ಟಿಕ್ಕುತ್ತಿತ್ತು. ಒಕ್ತಾವ್ ಮಾತ್ರ ಒಂದೇ ಹರಕೆ ಹೊರುತ್ತಿದ್ದ. ಸಂಘದ ಮನೆ ತಲುಪಿ, ಒಂದು ಮೂಲೆ ಸಿಕ್ಕಿ, ಈ ಪೀಡೆಯನ್ನು ಯಾರ ಕಣ್ಣಿಗೂ ಬೀಳದಂತೆ ತೆಗೆದು ಎಸೆದರೆ ಸಾಕು.

ಮೂಲೆ ಸಿಗಲಿಲ್ಲ. ಸಂಘದ ಮನೆಯ ಮುಂದೆ ಸಾಹೇಬರು ಗಕ್ಕನೆ ತಿರುಗಿ, ಅವನತ್ತ ಬಂದು, ಬಗ್ಗಿ, ಬಟ್ಟೆಯನ್ನು ತಾವೇ ಎಳೆದರು.

ಕರ್ಚೀಪು. ಮೂಲೆಯಲ್ಲಿ ಅಜ್ಜಿ ನೀಲಿ ನೂಲಿನಿಂದ ಹೊಲಿದ ಅವನ ಹೆಸರು. ಅವನದೇ ಕರ್ಚೀಪು.

ಒಕ್ತಾವನಿಗೆ ಹೋದ ಜೀವ ಬಂತು, ಬಂದದ್ದು ನೇರ ಕೈಗಿಳಿಯಿತು. ಕಣ್ಣು ತಾನಾಗಿ ಮುಚ್ಚಿತು. ಝರ್ರ್ರ್ ಎಂದು ಹತ್ತು ವರ್ಷದ ಸದ್ದು ಹೊರಬಿತ್ತು. ಕಾದೂ ಕಾದೂ ಒಣಗಿದ್ದ ಬ್ಯಾಂಡು ಅದರ ಮೇಲೆ ಹಾರಿತು. ಕೊಡೆಗಳು ಫಟಫಟನೆ ಬಿಚ್ಚಿದವು, ಕೆಂಪು ಬೂಟುಗಳು ಎಲ್ಲಕ್ಕಿಂತ ಮುಂದೆ ಕುಣಿದವು, ಇನ್ನೂರು ಕರ್ಚೀಪುಗಳು ಗಾಳಿಯಲ್ಲಿ ಎದ್ದವು.

ಅದೇ ಗಳಿಗೆಯಲ್ಲಿ ಹಿಪೊಲೀತ್ ಸಾಹೇಬರು ಬೆವರು ಒರೆಸಿಕೊಳ್ಳಲು ಎದೆಯ ಜೇಬಿಗೆ ಕೈ ಹಾಕಿದ್ದರು. ಅಲ್ಲಿಂದ ಎಳೆದ ಬಟ್ಟೆಯನ್ನು ಕೊಡವಿದಾಗ ಅದಕ್ಕೆ ಎರಡು ಕಾಲುಗಳು ಮೂಡಿದವು. ಸುತ್ತ ಕುಣಿಯುವ ಜನ, ನಡುವೆ ಹೆಂಡತಿಯ ಒಳಚಡ್ಡಿ ಎತ್ತಿ ಹಿಡಿದ ಅಧ್ಯಕ್ಷರು. ಜಗುಲಿಯಲ್ಲಿ ನಿಂತಿದ್ದ ಹೆಂಡತಿ ತನ್ನ ಲೇಸನ್ನು ಗುರುತಿಸಿದಳು. ಝೆನೋಬಿ ಅಕ್ಕ ಎಲ್ಲರಿಗಿಂತ ಮೊದಲೇ ಗುರುತಿಸಿದ್ದಳು. ಒಕ್ತಾವ್ ಒಬ್ಬನಿಗೆ ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ, ಎರಡು ಹಾಡು ಪೂರ್ತಿ.

ಭಾನುವಾರದ ಮೆರವಣಿಗೆಯ ಪಟ್ಟಿಯನ್ನು ಸಾಹೇಬರೇ ಓದಿದರು. ಮೊದಲ ಹೆಸರು ಒಕ್ತಾವನದು.

"ಇವನಿಲ್ದೆ ಮೆರವಣಿಗೆ ಹೊರಡೋದು ಬೇಡ," ಎಂದರು. "ಬಾವುಟ ಇವನ ಕೈಗೆ ಕೊಡಿ. ಎರಡೂ ಕೈಯಲ್ಲಿ ಹಿಡೀಬೇಕು."

ಒಕ್ತಾವ್ ಎರಡೂ ಕೈಯಲ್ಲಿ ಹಿಡಿದು ನಡೆದ. ಬೆನ್ನ ಹಿಂದೆ ಬೇರೆ ಯಾರೋ ಝರ್ರೆನಿಸಿದರು. ಎಲೆಯೂ ಅಲ್ಲಾಡದ ದಿನ ಬಾವುಟ ಮಾತ್ರ ಯಾಕೆ ಹೀಗೆ ತಾಳಕ್ಕೆ ಸರಿಯಾಗಿ ನಡುಗುತ್ತಿದೆ ಎಂದು ಜನ ಕತ್ತೆತ್ತಿ ನೋಡಿದರು. ಅದರ ಅಂಚಿಗೆ ಅಧ್ಯಕ್ಷರ ಹೆಂಡತಿ ಹೊಸದಾಗಿ ಲೇಸು ಹೊಲಿಸಿದ್ದಳು. ಪ್ಯಾರಿಸಿನದು.