ನಾಯಕತ್ವದ ಶೈಲಿಗೆ ಇಪ್ಪತ್ತು ಅಂಕ

ಸದನ ನಡೆಸುವವರನ್ನು ಬಯ್ಯುವುದು ಸುಲಭ. ಅವರಿಗೆ ಅಂಕ ಕೊಡಬೇಕಾಗಿ ಬಂದಾಗ ಗೊತ್ತಾಗುತ್ತದೆ ಪಾಡು. ಟೀವಿ ನೋಡುತ್ತಾ ನಾನು ಎಷ್ಟು ಶಾಸಕಾಂಗ ನಾಯಕರನ್ನು ಫೇಲು ಮಾಡಿದ್ದೇನೋ ನನಗೇ ನೆನಪಿಲ್ಲ. ಕೂಡ್ಲಿಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ‘ಈತಗ ನಾಯಕತ್ವನಾ ಗೊತ್ತಿಲ್ಲ’ ಎಂದು ಹೇಳಿ ನೆಮ್ಮದಿಯಾಗಿ ಚಹಾ ಕುಡಿದವನು ನಾನು. ಮೂವತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದೆ. ಬೇರೆಯವರ ತೀರ್ಪುಗಳನ್ನೇ ಟೈಪು ಮಾಡಿ ಮಾಡಿ, ನನ್ನದೂ ಒಂದು ಇರಲಿ ಎಂಬ ಆಸೆ ಒಳಗೆಲ್ಲೋ ಉಳಿದಿತ್ತು. ಹಾಗಾಗಿ ಹಗರಿಬೊಮ್ಮನಹಳ್ಳಿಯ ಕಾಲೇಜೊಂದರವರು ಅಣಕು ವಿಧಾನಸಭೆ ಸ್ಪರ್ಧೆಗೆ ತೀರ್ಪುಗಾರನಾಗಿ ಕರೆದಾಗ, ಹೆಂಡತಿ ‘ಈ ಬಿಸಲಾಗ ಯಾಕ ಹೊಂಟೀರಿ’ ಅಂದರೂ ಕೇಳದೆ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದೆ.

ಇನ್ನೊಬ್ಬ ತೀರ್ಪುಗಾರರು ಕೊಟ್ಟೂರಿನ ನಿವೃತ್ತ ಶಿಕ್ಷಕ ಕೊಟ್ರಪ್ಪ ಮಾಸ್ತರು. ನಾವು ಆರಿಸಿದ ಒಬ್ಬ ನಾಯಕ ಜಿಲ್ಲಾ ಮಟ್ಟಕ್ಕೆ ಹೋಗಬೇಕು. ಕೈಗೆ ಕೊಟ್ಟ ಹಾಳೆಯಲ್ಲಿ ‘ನಾಯಕತ್ವದ ಶೈಲಿ: ಇಪ್ಪತ್ತು ಅಂಕ’ ಎಂದಿತ್ತು. ಶೈಲಿ ಎಂದರೇನೆಂದು ಯಾರೂ ಬರೆದಿರಲಿಲ್ಲ. ವಿರೋಧ ಪಕ್ಷದ ನಾಯಕಿ ಗುಡೇಕೋಟೆ ಕಡೆಯ ಓಬಮ್ಮ ಎದ್ದು ಒಂದೇ ಪ್ರಶ್ನೆ ಕೇಳಿದಳು: “ಹಳ್ಳಿ ವಾಚನಾಲಯಕ್ಕ ಕೀಲಿ ಹಾಕಿ ಎರಡು ವರ್ಷ ಆತು. ಕೀಲಿಕೈ ಯಾರ ಹತ್ರ ಐತಿ?” ಮುಖ್ಯಮಂತ್ರಿಯಾಗಿದ್ದ ಹರಪನಹಳ್ಳಿಯ ವೀರೇಶ ಒಂದು ಚೀಟಿಯನ್ನೂ ನೋಡದೆ ಸಾಕ್ಷರತೆಯ ಮೇಲೆ ಮಾತಾಡಿದ. ಅವಳು ಮತ್ತೆ ಅದನ್ನೇ ಕೇಳಿದಳು. ಆತ ಯುವಶಕ್ತಿಯ ಮೇಲೆ ಮಾತಾಡಿದ. ಮೂರನೆಯ ಸಲ ಕೇಳಿದಾಗ ನಾಡಿನ ಪರಂಪರೆಗೆ ಹೋದ. ಕಾಗದದಿಂದ ಕಣ್ಣೆತ್ತದ ವಕೀಲರನ್ನೇ ಆಯುಷ್ಯವಿಡೀ ಕಂಡಿದ್ದ ನಾನು ಕರಗಿಹೋಗಿ, ವೀರೇಶನಿಗೆ ಹತ್ತೊಂಬತ್ತು ಹಾಕಿದೆ. ಮಾಸ್ತರು ಅಷ್ಟೇ ಅಂಕವನ್ನು ಓಬಮ್ಮನಿಗೆ ಹಾಕಿದ್ದರು. ಎಲ್ಲ ಕೂಡಿಸಿದರೂ ಇಬ್ಬರದೂ ಸಮಸಮ.

“ಗಂಟಲು ಐತಿ ಅಂತ ನಾಯಕ ಆಗ್ತಾನೇನ್ರಿ?” ಎಂದರು ಮಾಸ್ತರು.

“ಒಂದಾ ಪ್ರಶ್ನಿ ಮೂರು ಸಲ ಕೇಳಿದ್ರ ನಾಯಕತ್ವ ಆಗ್ತೈತೇನ್ರಿ?” ಎಂದೆ ನಾನು.

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಹಡಗಲಿ ಕಡೆಯ ಮಕ್ಕಳು ಬಸ್ಸಿನ ಹೊತ್ತಾಯಿತೆಂದು ಕಿಟಕಿ ನೋಡುತ್ತಿದ್ದರು. ಅಷ್ಟರಲ್ಲಿ ನಾನು ಮೇಜು ಗುದ್ದಿದ್ದೆ, ಮಾಸ್ತರು ಹಾಳೆ ಮಡಚಿ ಹೊರಡಲು ಎದ್ದಿದ್ದರು. ಆಗ ಗಂಟೆಯ ಸದ್ದು ಕೇಳಿತು. ಎತ್ತರದ ಕುರ್ಚಿಯಿಂದ ಇನ್ನೂ ಇಳಿಯದಿದ್ದ ಸಭಾಧ್ಯಕ್ಷೆ, ಹಂಪಸಾಗರದ ನಾಗರತ್ನ, ನಮ್ಮ ಕಡೆ ನೋಡುತ್ತಿದ್ದಳು. “ಕುಂದರ್ರಿ ಸರ್, ಇಬ್ರೂ. ಒಬ್ಬೊಬ್ರಾ ಮಾತಾಡ್ರಿ. ಎರಡೆರಡು ನಿಮಿಷ.”

ಯಾಕೋ ಇಬ್ಬರೂ ಕೂತೆವು. ಮಾಸ್ತರು ಒಂದೂವರೆ ನಿಮಿಷದಲ್ಲಿ ಮುಗಿಸಿದರು. ನಾನು ವಾಗ್ಮಿತೆಯ ಮಹತ್ವಕ್ಕೆ ಪೀಠಿಕೆ ಹಾಕುವಷ್ಟರಲ್ಲೇ ನಾಗರತ್ನ ಗಂಟೆ ಬಾರಿಸಿದಳು. “ಸಮ ಬಂದ್ರ ಸಭಾಧ್ಯಕ್ಷರ ಮತ ನಡೀತೈತಿ, ಕೇಳೂಣು,” ಎಂದು ಮಾಸ್ತರು ಮೆಲ್ಲಗೆ ರಾಗ ಎಳೆದರು. ನಾನೂ ಒಪ್ಪಿದೆ, ಇಷ್ಟು ಚೆಂದದ ಭಾಷಣ ಕೇಳಿದ ಹುಡುಗಿ ಬೇರೆ ಯಾರಿಗೆ ಹಾಕಿಯಾಳು ಎಂಬ ಧೈರ್ಯ.

“ಓಬಮ್ಮಗ ಸರ್,” ಅಂದಳು ನಾಗರತ್ನ. “ವೀರೇಶ ಛಲೋ ಮಾತಾಡಿದ. ಆದ್ರ ಕೀಲಿಕೈ ಯಾರ ಹತ್ರ ಐತಿ ಅಂತ ಹೇಳ್ಲೇ ಇಲ್ಲ.”

ವೀರೇಶನೇ ಮೊದಲು ಚಪ್ಪಾಳೆ ತಟ್ಟಿದ. ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆಂದು ಗೊತ್ತಾಗಲಿಲ್ಲ. ಹಾಳೆ ಮಡಚುವಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ನಾಗರತ್ನಳ ಹೆಸರಿನ ಮುಂದೆ ನನ್ನದೇ ಅಕ್ಷರ: ‘ಮಾತು ಕಡಿಮೆ. ನಾಯಕತ್ವ: ೬’. ಯಾರೂ ನೋಡುತ್ತಿಲ್ಲವೆಂದು ಆರರ ಎಡಕ್ಕೆ ಸದ್ದಿಲ್ಲದೆ ಒಂದು ‘೧’ ಸೇರಿಸಿ ಹದಿನಾರು ಮಾಡಲು ಪೆನ್ನು ತೆಗೆದೆ.

“ತಿದ್ದುಪಡಿ ಹಂಗ ಮಾಡಾಕ ಬರಂಗಿಲ್ರಿ,” ಎಂದರು ಪಕ್ಕದಲ್ಲೇ ಇದ್ದ ಮಾಸ್ತರು. “ಸದನದಾಗ ಮಂಡಿಸ್ಬೇಕು.”

ಬೇರೆ ದಾರಿ ಇರಲಿಲ್ಲ. ಎದ್ದು ನಿಂತು ಕೈ ಎತ್ತಿದೆ. ನಾಗರತ್ನ ಗಡಿಯಾರ ನೋಡಿ, ನನಗೆ ಅರ್ಧ ನಿಮಿಷ ಕೊಟ್ಟಳು.