ಹಾರ್ಡ್ ಡಿಸ್ಕಿಗೆ ಆಯುಧ ಪೂಜೆ

ನನಗೆ ವಸ್ತುಗಳ ಮೇಲೆ ಅಪಾರ ನಂಬಿಕೆ. ಕೊಂಡ ಕೊಡೆ ಸೋರುವುದಿಲ್ಲ, ಇಟ್ಟ ಕನ್ನಡಕ ಇಟ್ಟಲ್ಲೇ ಇರುತ್ತದೆ, ಒಮ್ಮೆ ಸರಿಮಾಡಿಸಿದ ನಲ್ಲಿ ಮತ್ತೆ ತೊಟ್ಟಿಕ್ಕುವುದಿಲ್ಲ ಎಂದುಕೊಂಡೇ ಇಷ್ಟು ವಯಸ್ಸಾಯಿತು. ಈ ನಂಬಿಕೆ ಅಂಟಿದ್ದು ನೌಕರಿಯಿಂದ. ಹೈದರಾಬಾದಿನ ಒಂದು ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ನಿವೃತ್ತನಾಗುವ ತನಕ ಕೂತಿದ್ದೆ. ಬೀಳ್ಕೊಡುವ ದಿನ ಸಾಹೇಬರು, ಇವರ ಕಾಲದಲ್ಲಿ ಒಂದೇ ಒಂದು ಕಡತ ಕಳೆದಿಲ್ಲ ಎಂದು ಹೊಗಳಿ ಶಾಲು ಹೊದಿಸಿದರು. ಆ ಕಡತಗಳನ್ನು ಯಾರೂ ಕೇಳಿಯೇ ಇರಲಿಲ್ಲ ಎಂಬುದನ್ನು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಶಾಲು ಚೆನ್ನಾಗಿತ್ತು.

ನನ್ನ ಹೆಂಡತಿ ಸುನಂದಾ ಇದಕ್ಕೆ ತದ್ವಿರುದ್ಧ. ಲೋಕದ ಪ್ರತಿಯೊಂದು ವಸ್ತುವೂ ಒಂದಲ್ಲ ಒಂದು ದಿನ ಕೆಡುತ್ತದೆ ಎಂಬುದು ಅವಳ ಸಿದ್ಧಾಂತ. ಹಾಗೆಂದು ಅವಳಿಗೆ ಬೇಸರವೇನಿಲ್ಲ, ತಯಾರಿ ಮಾತ್ರ ಇರುತ್ತದೆ. ಬೇಸಿಗೆಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದಳೆಂದರೆ ಅದು ಮೂರು ಭರಣಿ ಆಗಲೇಬೇಕು. ಊಟಕ್ಕೆ ಸಣ್ಣದೊಂದು, ಅಟ್ಟದ ಮೇಲೆ ದೊಡ್ಡದೊಂದು, ಇನ್ನೊಂದು ನಾಚಾರಂನಲ್ಲಿರುವ ಅವಳ ತಮ್ಮನ ಮನೆಗೆ. ಆ ಮೂರನೆಯದು ಅವರು ತಿನ್ನುವುದಕ್ಕಲ್ಲ, ಕಾಯುವುದಕ್ಕೆ. ನಾನೊಮ್ಮೆ ಇದೇನು ಹುಚ್ಚು ಎಂದು ಕೇಳಿದ್ದೆ.

"ಒಂದ ಭರಣಿ ನೆಚ್ಚಿ ಕುಂದರಾಕ ಆಗೂದಿಲ್ಲರಿ. ಮನ್ಯಾಗ ಯಾರರ ತೊಯ್ದ ಕೈ ಹಾಕಿದ್ರ ವರ್ಷದ ಉಪ್ಪಿನಕಾಯಿ ಕೆಡತೈತಿ" ಎಂದಳು.

"ಯಾರರ ಅಂದ್ರ ನಾನೇನು?"

"ನಾ ಹಂಗ ಅಂದೆನೇನ್ರಿ? ಮನ್ಯಾಗ ಇರೋರು ಇಬ್ಬರ. ನಾ ಅಂತೂ ಹಾಕೂದಿಲ್ಲ."

ಮನೆಗೆ ಹಾರ್ಡ್ ಡಿಸ್ಕ್ ಬಂದಾಗ ಅವಳಿಗೆ ಯಾರೂ ಏನೂ ಕಲಿಸಬೇಕಾಗಲಿಲ್ಲ. ನಾನು ಒಂದನ್ನು ತಂದು ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದು ಬೀಗುತ್ತಿದ್ದಾಗ ಅವಳು ಇನ್ನೆರಡು ತರಿಸಿದಳು. ಸುಲ್ತಾನ್ ಬಜಾರಿನಲ್ಲಿ ಕೊಂಡಿದ್ದ ಖಣದ ತುಂಡುಗಳಿಂದ ಮೂರಕ್ಕೂ ಸಂಚಿ ಹೊಲಿದಳು. ಕೆಂಪು ಸಂಚಿಯದು ದಿನದ ಬಳಕೆಗೆ, ಹಳದಿಯದು ಕಪಾಟಿಗೆ, ಹಸಿರು ನಾಚಾರಂಗೆ. ತಿಂಗಳಿಗೊಮ್ಮೆ ತಮ್ಮನ ಮನೆಗೆ ಹೋಗಿ ಹೊಸದನ್ನೆಲ್ಲ ಅದಕ್ಕೂ ತುಂಬಿಸಿ ಬರುತ್ತಾಳೆ. ಹಬ್ಬ ಮರೆತಾಳು, ಇದನ್ನು ಮರೆಯುವವಳಲ್ಲ. ನಮ್ಮ ದಾಖಲೆ ವಿಭಾಗಕ್ಕೆ ಇಂಥವಳೊಬ್ಬಳು ಇದ್ದಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇದ್ದಿದ್ದರೆ ಆ ಶಾಲು ಮಾತ್ರ ನನಗೆ ಸಿಗುತ್ತಿರಲಿಲ್ಲ.

ಆ ಡಿಸ್ಕುಗಳಲ್ಲಿ ಏನೇನೋ ಇದೆ. ಮದುವೆಗಳ ಫೋಟೊ, ವಿದ್ಯುತ್ ಬಿಲ್ಲು, ನಾನು ಚಾರ್‌ಮಿನಾರ್ ತೆಗೆಯಲು ಹೋಗಿ ತೆಗೆದ ನನ್ನ ಹೆಬ್ಬೆರಳು. ಇವೆಲ್ಲ ಹೋದರೆ ಹೋಗಲಿ. ಹೋಗಬಾರದ್ದು ಒಂದೇ, ನಮ್ಮವ್ವನ ದನಿ. ಅವ್ವ ಬೀಸುವ ಕಲ್ಲಿನ ಪದಗಳನ್ನು ಹಾಡುತ್ತಿದ್ದಳು. ಕಡೆಯ ದಿನಗಳಲ್ಲಿ ಅವಳನ್ನು ಕೂರಿಸಿ ಫೋನಿನಲ್ಲಿ ಅವನ್ನು ತುಂಬಿಸಿಕೊಂಡಿದ್ದೆವು. ಆ ಫೋನು ಎಂದೋ ಕೆಟ್ಟುಹೋಯಿತು, ಅವ್ವನೂ ಇಲ್ಲ. ಆ ದನಿ ಈಗ ಲೋಕದಲ್ಲಿ ಇರುವುದು ಈ ಮೂರು ಖಣದ ಸಂಚಿಗಳಲ್ಲಿ ಮಾತ್ರ.

ಹೋದ ವರ್ಷದ ಆಯುಧ ಪೂಜೆ. ನಮ್ಮ ಮನೆಯಲ್ಲಿ ಅದು ನನ್ನ ಪಾಲಿನ ಕೆಲಸ. ಸುನಂದಾ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ನಾನು ಸ್ಕೂಟರು, ಈಳಿಗೆ, ಕತ್ತರಿ, ಮಿಕ್ಸಿ ಎಲ್ಲಕ್ಕೂ ಕುಂಕುಮ ಹಚ್ಚಿದೆ. ಆಗ ಕಪಾಟು ಕಣ್ಣಿಗೆ ಬಿತ್ತು. ಈಳಿಗೆಗೆ ಪೂಜೆ ಮಾಡಿ ಅವ್ವನ ದನಿ ಇಟ್ಟುಕೊಂಡಿರುವ ಪೆಟ್ಟಿಗೆಯನ್ನು ಹಾಗೇ ಬಿಡುವುದೇ? ಮನಸ್ಸು ತುಂಬಿ ಬಂತು. ಮನಸ್ಸು ತುಂಬಿದಾಗ ನನ್ನ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿದ್ದ ಎರಡೂ ಡಿಸ್ಕುಗಳನ್ನು ಸಂಚಿಯಿಂದ ತೆಗೆದು ಪಕ್ಕಪಕ್ಕ ಮಲಗಿಸಿದೆ. ಅರಿಶಿನ ಕಲಸಿ ಧಾರಾಳವಾಗಿ ಹಚ್ಚಿದೆ. ತೆಂಗಿನಕಾಯಿ ಒಡೆದು, ಅದರ ನೀರನ್ನು ಸ್ಕೂಟರಿಗೆ ಚಿಮುಕಿಸಿದ ಹಾಗೆಯೇ ಅವುಗಳಿಗೂ ಚಿಮುಕಿಸಿದೆ. ಚಿಮುಕಿಸಿದೆ ಎಂದು ಈಗ ಹೇಳುತ್ತಿದ್ದೇನೆ, ನಿಜಕ್ಕೂ ಸುರಿದೆ. ಆಮೇಲೆ ಒರೆಸಿ ಸಂಚಿಗೆ ಹಾಕಿಟ್ಟೆ.

ಮರುದಿನ ದಸರೆ. ಹಬ್ಬಕ್ಕೆ ಅವ್ವನ ಹಾಡು ಕೇಳೋಣವೆಂದು, ಸುನಂದಾ ಪಕ್ಕದ ಮನೆಗೆ ಹೋದಾಗ ಕೆಂಪು ಸಂಚಿಯದನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು. ಹಳದಿ ಸಂಚಿಯದು ಸದ್ದನ್ನೂ ಮಾಡಲಿಲ್ಲ. ಅವತ್ತು ತಿಂದ ಹೋಳಿಗೆಯ ರುಚಿ ನನಗೆ ನೆನಪಿಲ್ಲ.

ಅದರ ಮರುದಿನ ಬೆಳಿಗ್ಗೆ ಎರಡನ್ನೂ ಕೈಚೀಲಕ್ಕೆ ಹಾಕಿಕೊಂಡು ಅಮೀರ್‌ಪೇಟ್‌ನ ಒಂದು ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯಾತ ಡಬ್ಬಿ ಬಿಚ್ಚಿ ನೋಡಿ, ಮೂಸಿ, ನನ್ನನ್ನು ಕನಿಕರದಿಂದ ನೋಡಿದ.

"ಇಸ್ಕಿ ಶಾದಿ ಕರಾಯೇ ಕ್ಯಾ ಸಾಬ್? ಪೂರಾ ಹಲ್ದೀಚ್ ಹಲ್ದಿ ಹೈ!"

ಅರಿಶಿನ ಮದುವೆಯದಲ್ಲ, ಪೂಜೆಯದು ಎಂದೆ. ಅವನು ಗಂಭೀರನಾಗಿ ಎರಡನ್ನೂ ಮರಳಿ ಕೊಟ್ಟು, "ದೋನೋ ಗಯೇ ಸಾಬ್" ಎಂದ. ಎರಡೂ ಹೋದವು ಎನ್ನುವುದನ್ನು ಇಷ್ಟು ಸಣ್ಣ ಮಾತಿನಲ್ಲಿ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಉಳಿದದ್ದು ನಾಚಾರಂನ ಹಸಿರು ಸಂಚಿ. ಮೆಟ್ರೊದಲ್ಲಿ ಕೂತಾಗ ಹೊಸ ಭಯ ಹುಟ್ಟಿತು. ಸುನಂದಾಳ ತಮ್ಮನದು ಲೇಥ್ ಕಾರ್ಖಾನೆ. ಅವರ ಆಯುಧ ಪೂಜೆಯ ಮುಂದೆ ನನ್ನದು ಏನೂ ಅಲ್ಲ. ಅವನೂ ಹಚ್ಚಿಬಿಟ್ಟಿದ್ದರೆ? ಅವ್ವ ಎರಡನೆಯ ಸಲ ಹೋಗುತ್ತಾಳೆ, ಅದೂ ನನ್ನ ಭಕ್ತಿಯಿಂದಲೇ ಎನಿಸಿ ಕಣ್ಣು ಒದ್ದೆಯಾಯಿತು. ಎದುರಿಗೆ ಕೂತವರು ಎದ್ದು ಬೇರೆ ಕಡೆ ಹೋದರು.

ಬಾಗಿಲು ತೆರೆದವಳು ತಮ್ಮನ ಹೆಂಡತಿ ಗಿರಿಜಾ. ಬನ್ನಿ ಕೊಡಲು ಬಂದೆನೆಂದು ಜೇಬಿನಿಂದ ಬಾಡಿದ ಎಲೆ ತೆಗೆದುಕೊಟ್ಟು, ಮೆಲ್ಲಗೆ ಕೇಳಿದೆ, "ಪೂಜಿ ಎಲ್ಲಾ ಛಲೋ ಆತೇನವಾ?"

"ಭಾಳ ಛಲೋ ಆತ್ರಿ ಅಣ್ಣಾರ. ಲೇಥ್ ಮಷೀನು, ತೂಕದ ಕಾಟಾ, ಬಾಗಲ ಚಿಲಕದ ತನಕಾ ಮಾಡ್ಯಾರ."

"ಮತ್ತ ಆ ಹಸರ ಸಂಚಿ?"

"ಅಯ್ಯ, ಅದರ ತಂಟೇಕ ಹೋಗಂಗಿಲ್ಲರಿ. ನೀರು, ಅರಿಶಿಣ, ಗಂಡಸರು, ಈ ಮೂರೂ ಅದಕ್ಕ ತಾಕಬಾರದಂತ ಅಕ್ಕಾರು ಮೊದಲ ಹೇಳ್ಯಾರ."

ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಆ ಹೊತ್ತಿನಲ್ಲಿ ಸುನಂದಾ ಎದುರಿಗಿದ್ದರೆ ಕಾಲಿಗೆ ಬೀಳುತ್ತಿದ್ದೆ. ಕೊಡವಾ, ಒಯ್ಯುತ್ತೇನೆ ಎಂದರೆ ಗಿರಿಜಾ ಜಗ್ಗಲಿಲ್ಲ. "ಅದೊಂದ ಕೇಳಬ್ಯಾಡ್ರಿ ಅಣ್ಣಾರ. ಬೇಕಾದ್ರ ನನ್ನ ಕೊರಳಾಗಿನ ಸರಾ ಕೇಳ್ರಿ, ಕೊಡ್ತೀನಿ" ಎಂದು ಸುನಂದಾಳಿಗೆ ಫೋನು ಹಚ್ಚಿದಳು. ಅತ್ತ ಕಡೆಯಿಂದ ಮೊದಲ ಮಾತೇ, "ಬಂದ್ರೇನ ಅವರು?" ಎಂದಾಗಿತ್ತು. "ಹಬ್ಬದ ದಿನಾನ ನೋಡೀನಿ, ಸಂಚಿ ಅಂಟಂಟಾಗಿ ತೆಂಗಿನಕಾಯಿ ವಾಸನಿ ಹೊಡ್ಯಾಕತ್ತಿತ್ತು. ಅವರಿಗೆ ಚಾ ಕೊಡು, ನಾ ಬರಾಕತ್ತೀನಿ."

ಬಂದಳು, ಎರಡು ಹೊಸ ಡಿಸ್ಕುಗಳ ಸಮೇತ. ಬೈಯಲಿಲ್ಲ. "ಅವ್ವನ ದನಿ ಐತಿ ಅಂತ ಅರಿಶಿಣ ಹಚ್ಚಿದೆ" ಎಂದೆ. "ಗೊತ್ತೈತ್ರಿ. ಅದಕ್ಕ ನಾ ಏನೂ ಅಂದಿಲ್ಲ" ಎಂದಳು. ಈಗಲೇ ಅವ್ವನನ್ನು ಕೇಳೋಣ ಎಂದು ಅವಸರ ಮಾಡಿದರೆ ಒಪ್ಪಲಿಲ್ಲ. "ಕಡೀ ಭರಣಿ ಬಿಚ್ಚೂದು ಉಣ್ಣಾಕಲ್ಲರಿ, ಮೊದಲ ಇನ್ನೊಂದು ತುಂಬಾಕ." ಎರಡಕ್ಕೂ ನಕಲಾಗುವ ತನಕ ಕಾಯಿಸಿದಳು. ಇಂಥ ಹೆಂಗಸನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ. ಅವಳ ಲೆಕ್ಕದಲ್ಲಿ ಅದು ಏನೆಂದು ಕೇಳಲು ಧೈರ್ಯವಾಗಲಿಲ್ಲ.

ಕೊನೆಗೆ ಅವ್ವ ಹಾಡಿದಳು. ಅದೇ ದನಿ, ಸಾಲಿನ ಕೊನೆಗೆ ಸ್ವಲ್ಪ ಎಳೆಯುವ ಅದೇ ರೀತಿ. ಮೂವರೂ ಅತ್ತೆವು. ಅಷ್ಟರಲ್ಲಿ ಹಾಡಿನ ನಡುವೆ ಧಡ್ ಎಂದು ಸದ್ದಾಯಿತು. ಅಂದು ಹಾಡು ತುಂಬಿಸಿಕೊಳ್ಳುವಾಗ ನಾನು ಫೋನು ಕೈಜಾರಿಸಿದ್ದೆ, ಮರೆತೇಹೋಗಿತ್ತು. ಅವ್ವ ಹಾಡು ನಿಲ್ಲಿಸಿ ಸ್ಪಷ್ಟವಾಗಿ ಹೇಳುವುದು ಕೇಳಿಸಿತು:

"ಅದನ್ನ ಸುನಂದಾನ ಕೈಯಾಗ ಕೊಡೋ ಯಪ್ಪಾ. ನಿನ್ನ ಕೈಯಾಗಿದ್ರ ನನ್ನ ಹಾಡು ಉಳಿಯೂದಿಲ್ಲ."

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸುನಂದಾ ನನ್ನ ಮುಖ ನೋಡಲಿಲ್ಲ, ಅಷ್ಟು ಮರ್ಯಾದೆ ಅವಳಲ್ಲಿದೆ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೊಂದು ಸಲ ಹಚ್ಚು ಎಂದೆ.